ಚಂದಣ್ಣ ಹಡಗು ಹತ್ತಿದ್ದು

ನಮ್ಮ ಚಂದಣ್ಣ ತಾನು ಕಾಲಿಡದ ಊರುಗಳ ಬಗ್ಗೆ ಮಾತ್ರ ಸಲಹೆ ಕೊಡುತ್ತಿದ್ದ. ಹೋಗಿ ಬಂದ ಊರಿನ ಬಗ್ಗೆ ಕೇಳಿದರೆ, "ಅಲ್ಲಿ ಎಂತ ಇಲ್ಲೆ ಮಾರಾಯ್ರೆ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದ. ಅವನು ಹೋಗಿ ಬಂದ ಊರುಗಳು ಒಟ್ಟು ಮೂರೇ ಆದ್ದರಿಂದ ಉಳಿದ ಭೂಮಂಡಲವೆಲ್ಲ ಅವನ ಸಲಹೆಗೆ ತೆರೆದಿತ್ತು.

ಗಂಗೊಳ್ಳಿ ಬಂದರಿನಲ್ಲಿ ಮೀನು ಹರಾಜು ಕೂಗುವುದು ಅವನ ಕೆಲಸ. ಬೋಟಿನಿಂದ ಇಳಿದ ಬಂಗಡೆಯ ರಾಶಿಯ ಪಕ್ಕ ನಿಂತು ಅವನು ಕೂಗಲು ಶುರು ಮಾಡಿದರೆ ಹೊಳೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರೂ ಒಂದು ಕ್ಷಣ ಕೈ ನಿಲ್ಲಿಸುತ್ತಾರೆ. ಹರಾಜು ಕೂಗುವವನ ಮಾತನ್ನು ಜನ ನಂಬಬೇಕು. ನಂಬದಿದ್ದರೆ ಮೀನು ಅಲ್ಲೇ ಉಳಿಯುತ್ತದೆ. ಮೂವತ್ತು ವರ್ಷ ಹೀಗೆ ನಂಬಿಸಿ ಅಭ್ಯಾಸವಾದ ಮನುಷ್ಯನ ಕೈಗೆ ಮಗಳು ಮೊಬೈಲು ಕೊಟ್ಟು ಮದುವೆಯಾಗಿ ಹೋದದ್ದೇ ಎಲ್ಲ ಅನಾಹುತಕ್ಕೆ ಮೂಲ.

ಹರಾಜು ಮುಗಿದ ಮೇಲೆ ಅವನು ಬಸ್ ಸ್ಟ್ಯಾಂಡಿನ ಎದುರಿಗಿರುವ ನನ್ನ ಝೆರಾಕ್ಸ್ ಅಂಗಡಿಗೆ ಬಂದು, ಫ್ಯಾನಿನ ಕೆಳಗಿನ ಸ್ಟೂಲಿನಲ್ಲಿ ಕೂತು, ಪ್ರವಾಸದ ವಿಡಿಯೊ ನೋಡುತ್ತಿದ್ದ. ನೋಡಿದ್ದನ್ನು ಅದೇ ಹರಾಜಿನ ದನಿಯಲ್ಲಿ ವಾಟ್ಸಾಪಿಗೆ ಹೇಳುತ್ತಿದ್ದ. 'ಚಂದಣ್ಣ ಟೂರ್ ಟಿಪ್ಸ್' ಎಂಬ ಗುಂಪಿನಲ್ಲಿ ನೂರ ನಲವತ್ತು ಜನ ಸೇರಿದರು. ಹಡಗಿನ ಪ್ರವಾಸಕ್ಕೆ ಕೆಲವು, ಗುಡ್ಡ ಹತ್ತುವುದಕ್ಕೆ ಕೆಲವು, ಒಟ್ಟು ಹದಿನಾರು ಟಿಪ್ಸುಗಳನ್ನು ನಾನೇ ಟೈಪು ಮಾಡಿ, ಲ್ಯಾಮಿನೇಶನ್ ಹಾಕಿಸಿ ಕೊಟ್ಟೆ. ಅಂದರೆ ಈ ಕಥೆಯಲ್ಲಿ ನನ್ನ ಪಾಪವೂ ಸ್ವಲ್ಪ ಇದೆ.

ಟಿಪ್ಸುಗಳು ಕೆಟ್ಟವೇನೂ ಅಲ್ಲ. ಹಡಗಿನಲ್ಲಿ ನಡುಭಾಗದ, ಕೆಳಗಿನ ಮಾಳಿಗೆಯ ಕೋಣೆ ಕೇಳಿ, ಅಲುಗಾಟ ಕಡಿಮೆ. ಸಾಮಾನು ಕಡಿಮೆ ಇರಲಿ. ಗುಡ್ಡಕ್ಕಾದರೆ, ಪರವಾನಗಿ ಮೊದಲೇ ಮಾಡಿಸಿ, ಗೈಡ್ ಇಲ್ಲದೆ ಕಾಡಿಗೆ ಕಾಲಿಡಬೇಡಿ. ಒಬ್ಬರಿಗೆ ಮೂರು ಲೀಟರ್ ನೀರು. ಉಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಉಪ್ಪಿನ ಪೊಟ್ಟಣ. ಹೊಸ ಬೂಟು ಹಾಕಿ ನೇರ ಗುಡ್ಡಕ್ಕೆ ಹೋಗಬೇಡಿ, ಹದಿನೈದು ದಿನ ಮನೆಯಲ್ಲೇ ಹಾಕಿಕೊಂಡು ಪಳಗಿಸಿ.

ಈ ಕೊನೆಯದನ್ನು ಸಾಲಿಗ್ರಾಮದ ಗುರುಪ್ರಸಾದ್ ಅಕ್ಷರಶಃ ಪಾಲಿಸಿದ. ಅವನು ಗಂಗೊಳ್ಳಿಯ ಬ್ಯಾಂಕಿಗೆ ದಿನಾ ಬಂದುಹೋಗುವ ಕ್ಯಾಶಿಯರ್, ಹೇಳಿದ್ದನ್ನು ಮಾಡುವ ಹುಡುಗ. ಮೂರನೇ ದಿನ ಅವನ ತಾಯಿ ಗೋಮತಿಯಮ್ಮ ನನ್ನ ಅಂಗಡಿಗೆ ಫೋನ್ ಮಾಡಿದರು.

"ಹ್ವಾಯ್, ಆ ಚಂದು ಅಂಬವ್ರ್ ಅಲ್ಲಿದ್ರಾ? ನಮ್ ಮಾಣಿ ಬೂಟ್ ಹಾಯ್ಕಂಡೇ ಊಟಕ್ಕ್ ಕೂಕಂತ. ಕೇಂಡ್ರೆ ಪಳಗ್ಸೂದ್ ಅಂತ. ನಾನ್ ಮಡಿಯಂಗ್ ಬಡ್ಸೂದ್ ಹ್ಯಾಂಗೆ?"

ಚಂದಣ್ಣ ಫೋನು ತೆಗೆದುಕೊಂಡು, ಡಾಕ್ಟರರ ಗಾಂಭೀರ್ಯದಲ್ಲಿ ಹೇಳಿದ: "ಅಮ್ಮ, ದೇವ್ರ ಕೋಣಿಗ್ ಹೋಪತಿಗ್ ಮಾತ್ರ ತೆಗ್ದ್ರೆ ಸಾಕ್. ಆ ಹತ್ತ್ ನಿಮಿಷ ನಾನ್ ಲೆಕ್ಕಕ್ ಹಿಡಿತಿಲ್ಲೆ."

ಮಾರ್ಕೆಟಿನಲ್ಲಿ ಮೀನು ಮಾರುವ ಪದ್ದಕ್ಕನಿಗೆ ನೀರಿನ ಟಿಪ್ಸು ಅವಮಾನವಾಗಿ ಕಂಡಿತು. "ಮೂರ್ ಲೀಟರ್ ನೀರ್ ಹೊರುಕ್ ಪ್ರಾಕ್ಟೀಸ್ ಎಂತಕ್ಕೆ? ನಾನ್ ಬುಟ್ಟಿ ತುಂಬ ಬಂಗ್ಡಿ ಹೊತ್ಕಂಡ್ ತಲ್ಲೂರ್ ತನಕ ನಡ್ದವ್ಳ್" ಎಂದಳು. ಆದರೂ ಹೆಸರು ಕೊಟ್ಟಳು. ಹೀಗೆ ಹನ್ನೊಂದು ಜನರಾದೆವು. ಗುರಿ ಜನವರಿಯಲ್ಲಿ ಕುದುರೆಮುಖದ ರಾಷ್ಟ್ರೀಯ ಉದ್ಯಾನ. ಅದಕ್ಕೆ ಮೊದಲು ರಿಹರ್ಸಲ್ ಆಗಬೇಕೆಂದು ಚಂದಣ್ಣನೇ ಕೆರಾಡಿಯ ಮೇಲಿನ ನೆತ್ತಿಕಲ್ಲು ಗುಡ್ಡವನ್ನು ಆರಿಸಿದ. ಭಾನುವಾರವನ್ನೂ ಅವನೇ ಗೊತ್ತು ಮಾಡಿದ. ಟಿಪ್ಸು ನಂಬರ್ ಒಂಬತ್ತು ಹೀಗಿತ್ತು: ಗುಡ್ಡದ ಬುಡದಲ್ಲಿ ನನ್ನ ನಾದಿನಿ ಸುಗುಣಳ ಮನೆ ಇದೆ, ಅಲ್ಲಿ ಮಜ್ಜಿಗೆ ಕುಡಿದೇ ಮುಂದೆ ಹೋಗಿ.

ಇದನ್ನು ನೆನಪಿಡಿ. ಚಂದಣ್ಣ ಮರೆತಿದ್ದ.

ಅಷ್ಟರಲ್ಲಿ ಮುಂಬಯಿಯಿಂದ ಅವನ ಹೆಂಡತಿ ಬಾಗಿಯಕ್ಕನ ಅಣ್ಣನ ಮಗ ಅನೂಪ, ಅತ್ತೆ ಮಾವನ ಮದುವೆಗೆ ಇಪ್ಪತ್ತೈದು ವರ್ಷ ತುಂಬಿತೆಂದು ಎರಡು ಹಡಗಿನ ಟಿಕೇಟು ಕಳಿಸಿದ. ಮೂರು ರಾತ್ರಿ, ನಾಲ್ಕು ಹಗಲು. ಮುಂಬಯಿಯಿಂದ ಹೊರಟು ಸಮುದ್ರ ಸುತ್ತಿ ಮುಂಬಯಿಗೇ ವಾಪಸು. ಪ್ರಿಂಟು ತೆಗೆಯಲು ಬಾಗಿಯಕ್ಕ ಮಾರ್ಕೆಟಿನಿಂದ ನೇರವಾಗಿ ನನ್ನ ಅಂಗಡಿಗೆ ಬಂದಳು. ಮೀನಿನ ಖಾಲಿ ಬುಟ್ಟಿಯನ್ನು ಹೊರಗಿಟ್ಟು, ಕೈಯನ್ನು ಎರಡು ಸಲ ಸೆರಗಿಗೆ ಒರೆಸಿಕೊಂಡೇ ಕಾಗದ ಹಿಡಿದಳು.

"ಹ್ವಾಯ್, ಈ ಹಡ್ಗ್ ಎಷ್ಟ್ ಮಾಳ್ಗಿದ್?"

"ಹನ್ನೊಂದು ಅಂತ ಇದೆ ಬಾಗಿಯಕ್ಕ."

"ಹನ್ನೊಂದ್ನೇ ಮಾಳ್ಗಿಂದ ಕಂಡ್ರೆ ಸಮುದ್ರ ಪೂರ ಕಾಂತಾ?"

ಕಾಣಬಹುದು ಎಂದೆ. ಅವಳು ಹೇಳಿದಳು: "ನಾನ್ ಹುಟ್ಟಿದ್ದೇ ಸಮುದ್ರದ್ ಬದಿಯಂಗೆ. ಆದ್ರೂ ಅದನ್ನ್ ಪೂರ ಕಂಡದ್ದಿಲ್ಲೆ. ತಲಿ ಮೇಲ್ ಬುಟ್ಟಿ ಇದ್ರೆ ಕುತ್ಗಿ ತಿರ್ಗ್ಸುಕೇ ಆತಿಲ್ಲ. ಒಂದ್ ಸಲ ಎತ್ರದಂಗ್ ಕೂಕಂಡ್, ಯಾರಾದ್ರೂ ಬೇಯ್ಸಿದ್ ತಿಂದ್ಕಂಡ್, ಪೂರ ಕಾಣ್ಕ್."

ಇಪ್ಪತ್ತೈದು ವರ್ಷದಲ್ಲಿ ಅವಳು ಏನನ್ನಾದರೂ ಬೇಕೆಂದು ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ನನಗೂ ಖುಷಿಯಾಗಿ ಟಿಕೇಟಿಗೆ ಪುಕ್ಕಟೆಯಾಗಿ ಲ್ಯಾಮಿನೇಶನ್ ಹಾಕಿಕೊಟ್ಟೆ.

ಟಿಕೇಟಿನಲ್ಲಿ ಸ್ಪಷ್ಟವಾಗಿ ಬರೆದಿತ್ತು: ಗುರುವಾರ ಮಧ್ಯಾಹ್ನ ಒಂದರಿಂದ ಮೂರೂವರೆಯೊಳಗೆ ಹಡಗು ಹತ್ತತಕ್ಕದ್ದು, ಐದಕ್ಕೆ ಹೊರಡುವುದು. ನಾನು ಅದನ್ನು ಚಂದಣ್ಣನಿಗೆ ಓದಿ ಹೇಳಿದೆ. ಅವನು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ, ಕನ್ನಡಕ ಏರಿಸಿ, ಗುರುವಾರದ ಮೇಲೆ ಬೆರಳಿಟ್ಟು ನಕ್ಕ.

"ಅವತ್ತ್ ದಶಮಿ. ನೀರ್ ಏರೂದ್ ಸಂಜಿ ಏಳೂವರಿಗೆ. ಐದಕ್ ಹೊರಡೂದ್ ಹ್ಯಾಂಗೆ?"

ನಮ್ಮೂರಿನ ಅಳಿವೆ, ಅಂದರೆ ಹೊಳೆ ಸಮುದ್ರಕ್ಕೆ ಸೇರುವ ಬಾಯಿ, ಹೂಳು ತುಂಬಿ ಹೋಗಿದೆ. ಭರತ ಬಂದು ನೀರು ಏರುವವರೆಗೆ ಬೋಟುಗಳು ಅದನ್ನು ದಾಟುವುದಿಲ್ಲ, ದಾಟಿದರೆ ಮರಳಿಗೆ ಕೂರುತ್ತವೆ. ಹಾಗಾಗಿ ಇಲ್ಲಿ ಗಡಿಯಾರವನ್ನು ಯಾರೂ ನೋಡುವುದಿಲ್ಲ. ತಿಥಿ ನೋಡಿದರೆ ನೀರಿನ ಹೊತ್ತು ತಿಳಿಯುತ್ತದೆ, ನೀರಿನ ಹೊತ್ತು ತಿಳಿದರೆ ಬೋಟಿನ ಹೊತ್ತು ತಿಳಿಯುತ್ತದೆ.

"ನಮ್ ಸಣ್ಣ್ ಬೋಟೇ ನೀರ್ ಏರ್ದೆ ಅಳ್ವಿ ದಾಟ್ತಿಲ್ಲೆ. ಹನ್ನೊಂದ್ ಮಾಳ್ಗಿ ಹಡ್ಗ್ ದಾಟ್ತಾ? ಟಿಕೇಟ್ ಬರ್ದವ್ರ್ ಆಫೀಸಿನಂಗ್ ಕೂಕಂಡ್ ಬರ್ದದ್. ಅವ್ರಿಗ್ ನೀರ್ ಗೊತ್ತಿತ್ತಾ?" ಎಂದು ಚಂದಣ್ಣ ಕೇಳಿದ.

ಆಧಾರ್ ಕಾರ್ಡಿನ ಪ್ರತಿ ತೆಗೆಸಲು ನಿಂತಿದ್ದ ಇಬ್ಬರು ಬೋಟಿನ ಮಾಲೀಕರು ಹೌದೆಂದು ತಲೆಯಾಡಿಸಿದರು. ಒಬ್ಬರು ಏಳೂವರೆಯಲ್ಲ, ಏಳೂಮುಕ್ಕಾಲು ಎಂದು ತಿದ್ದಿದರು. ಸಂಜೆಯ ಹೊತ್ತಿಗೆ ಬಂದರಿನಲ್ಲೆಲ್ಲ ಸುದ್ದಿ ಹಬ್ಬಿ, ಮುಂಬಯಿಯ ಹಡಗಿನ ಕಂಪನಿಗೆ ಪಂಚಾಂಗ ಗೊತ್ತಿಲ್ಲವೆಂದು ಎಲ್ಲರೂ ಮರುಗಿದರು. ಇಡೀ ಗಂಗೊಳ್ಳಿಯಲ್ಲಿ ಒಬ್ಬನಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ನನಗೂ ಕಾಣಲಿಲ್ಲ ಎಂಬುದನ್ನು ಇಲ್ಲೇ ಒಪ್ಪಿಕೊಳ್ಳುತ್ತೇನೆ.

ಏಳೂವರೆಯವರೆಗೆ ಸಮಯವಿದೆ ಎಂದಮೇಲೆ ಮುಂಬಯಿಗೆ ಹೋಗುವವನ ಕೈಯಲ್ಲಿ ಊರವರು ಪಾರ್ಸೆಲು ಕೊಡದೆ ಇರುತ್ತಾರೆಯೇ. ಪದ್ದಕ್ಕ ದಹಿಸರದ ಮಗಳಿಗೆ ಒಣ ಸಿಗಡಿ ಕೊಟ್ಟಳು. ಯಾರೋ ಕಲ್ಯಾಣದ ತಮ್ಮನಿಗೆ ಕುಚ್ಚಲಕ್ಕಿ ಕೊಟ್ಟರು. ಚೆಂಬೂರಿಗೆ ಹಲಸಿನ ಹಪ್ಪಳ, ಅದೇ ಚೆಂಬೂರಿನ ಇನ್ನೊಂದು ತುದಿಗೆ ಉಪ್ಪಿನಲ್ಲಿಟ್ಟ ಮಾವಿನಮಿಡಿ. ಒಟ್ಟು ನಾಲ್ಕಾಯಿತು. ಸಾಮಾನು ಕಡಿಮೆ ಇರಲಿ ಎಂಬ ಟಿಪ್ಸನ್ನು ನಾನು ನೆನಪಿಸಿದಾಗ, "ಅದ್ ಹಡ್ಗ್ ಹತ್ತುವತಿಗೆ. ಇದ್ ಅದ್ಕ್ ಮುಂಚಿನ್ ಲೆಕ್ಕ" ಎಂದ.

ಕಪ್ತಾನರ ಜೊತೆ ಊಟಕ್ಕೆ ಕೂರಬೇಕಾದರೆ ಸೂಟು ಬೇಕೆಂದು ಯಾವುದೋ ವಿಡಿಯೊದಲ್ಲಿ ಕೇಳಿ, ಬ್ರಹ್ಮಾವರದ ದರ್ಜಿಯ ಹತ್ತಿರ ಹೋಗಿ ಬೆಳ್ಳಗಿನ ಸೂಟು ಹೊಲಿಸಿಕೊಂಡು ಬಂದ. ಜೊತೆಗೆ ಚೂಪು ಮೂತಿಯ ಹೊಸ ಶೂ, ಕುತ್ತಿಗೆಗೆ ಕೆಂಪು ಬೋ. ಬುಧವಾರ ಮಧ್ಯಾಹ್ನ ಕುಂದಾಪುರದ ರೈಲ್ವೆ ಸ್ಟೇಷನ್ನಿಗೆ ನಾವು ಇಪ್ಪತ್ತೆರಡು ಜನ ಬೀಳ್ಕೊಡಲು ಹೋಗಿದ್ದೆವು. ಬಾಗಿಯಕ್ಕ ಮೊಳಗಟ್ಟಲೆ ಭಟ್ಕಳ ಮಲ್ಲಿಗೆ ಮುಡಿದು ಕಿಟಕಿಯ ಪಕ್ಕ ಕೂತಿದ್ದಳು. ಬುಟ್ಟಿಯಿಲ್ಲದ ಅವಳ ತಲೆಯನ್ನು ನಾವೆಲ್ಲ ಅವತ್ತೇ ಸರಿಯಾಗಿ ನೋಡಿದ್ದು.

ಮುಂದೆ ಮುಂಬಯಿಯಲ್ಲಿ ನಡೆದದ್ದನ್ನು ಬಾಗಿಯಕ್ಕ ನನಗೆ ಆಮೇಲೆ ಹೇಳಿದಳು. ನೀವು ಈಗಲೇ ಕೇಳಿಬಿಡಿ.

ಪಾರ್ಸೆಲು ಕೊಟ್ಟು ಬಾಗಿಲಿನಿಂದಲೇ ಹೊರಡುವುದು ನಮ್ಮವರಲ್ಲಿ ಇಲ್ಲ. ದಹಿಸರದಲ್ಲಿ ತಿಂಡಿಯಾಯಿತು, ಕಲ್ಯಾಣದಲ್ಲಿ ಊಟವಾಯಿತು, ಚೆಂಬೂರಿನ ಎರಡು ಮನೆಗಳಲ್ಲಿ ಎರಡು ಸಲ ಚಹಾ ಆಯಿತು. ಮೂರು ಗಂಟೆಗೆ ಬಾಗಿಯಕ್ಕ, "ಹ್ವಾಯ್, ಹೊರಡುವಾ" ಎಂದಳಂತೆ. "ದಶಮಿ ಮಾರಾಯ್ತಿ" ಎಂದನಂತೆ ಇವನು. ಸೂಟು ಹಾಕಿಕೊಂಡು ಬಂದರು ತಲುಪಿದಾಗ ಆರಕ್ಕೆ ಕಾಲು ಗಂಟೆ ಇತ್ತು. ದೂರದಲ್ಲಿ ಒಂದು ಬಿಳಿ ಹಡಗು ದೀಪ ಹಚ್ಚಿಕೊಂಡು ನಿಧಾನವಾಗಿ ಹೋಗುತ್ತಿತ್ತು.

"ಅಕಾ, ಅದ್ ನಮ್ದಾ?" ಎಂದು ಬಾಗಿಯಕ್ಕ ಅತ್ತ ಕೈ ತೋರಿಸಿ ಕೇಳಿದಳು.

"ಅಲ್ಲ. ಅದ್ ಯಾವ್ದೋ ಸಣ್ಣ್ ನೀರಂಗ್ ಹೋಪದ್. ನಮ್ದಿನ್ನೂ ಕಾಯ್ತಿತ್ತ್."

ಗೇಟಿನ ಸೆಕ್ಯುರಿಟಿಯವನು ಟಿಕೇಟು ನೋಡಿದ, ಹಡಗು ನೋಡಿದ, ಸೂಟು ನೋಡಿದ. ಚಂದಣ್ಣ ತನಗೆ ಬರುವ ಹಿಂದಿಯಲ್ಲಿ ಅವನಿಗೆ ವಿಷಯ ಮನವರಿಕೆ ಮಾಡಲು ನೋಡಿದ: "ಆಜ್ ದಶಮಿ ಹೈ ಸಾಬ್. ಪಾನಿ ನಹೀಂ ಚಢಾ. ಜಹಾಜ್ ಕೈಸೆ ಜಾಯೇಗಾ?" ಸೆಕ್ಯುರಿಟಿಯವನು ಪಾಪ ಒಳ್ಳೆಯವನು. ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟನಂತೆ. ಆ ಬಂದರಿನಲ್ಲಿ ಆನೆ ಮುಳುಗುವಷ್ಟು ನೀರು ಮೂರು ಹೊತ್ತೂ ಇರುತ್ತದೆಂದು ಇವನಿಗೆ ಯಾವ ವಿಡಿಯೊವೂ ಹೇಳಿರಲಿಲ್ಲ.

ಬಾಗಿಯಕ್ಕ ಅಳಲಿಲ್ಲ, ಬೈಯಲೂ ಇಲ್ಲ. ಹಡಗು ಕಾಣುವಷ್ಟು ಹೊತ್ತು ನೋಡಿದಳು. ಮರುದಿನ ಮಧ್ಯಾಹ್ನ ಊರಿನ ರೈಲು ಹತ್ತುವವರೆಗೂ ಒಂದು ಮಾತಾಡಲಿಲ್ಲ. ಚಂದಣ್ಣನಿಗೆ ಬೈಸಿಕೊಂಡಿದ್ದರೆ ಎಷ್ಟೋ ಹಗುರಾಗುತ್ತಿತ್ತು. ರೈಲು ಹೊರಟ ಮೇಲೆ ಅವಳೇ ಬಾಯಿ ತೆರೆದಳು.

"ಕುಂದಾಪ್ರದಂಗ್ ಇಳೂದ್ ಬೇಡ. ಇಪ್ಪತ್ತೆರಡ್ ಜನ ಕಳ್ಸುಕ್ ಬಂದಿದ್ರ್. ನಾಳೆ ಹರಾಜಿನಂಗ್ ನಿಮ್ ಬಾಯಿ ಕಂಡ್ ಕೂಡ್ಲೆ ಜನ ನಗಾಡ್ರೆ ಮೀನ್ ಯಾರ್ ತಕಂತ್ರ್? ಬೈಂದೂರಂಗ್ ಇಳ್ದ್ ಸುಗುಣನ್ ಮನಿಗ್ ಹೋಪ. ಹಡ್ಗ್ ಬಪ್ಪ ದಿನ ನಾವೂ ಊರಿಗ್ ಬಪ್ಪ."

ಹೀಗೆ ಶನಿವಾರ ಬೆಳಗಿನ ಜಾವ ಬೈಂದೂರಿನಲ್ಲಿ ಇಳಿದು, ಮುಸುಕು ಹಾಕಿಕೊಂಡು ಬಸ್ಸು ಹಿಡಿದು, ಕೆರಾಡಿಯಲ್ಲಿ ತಂಗಿ ಸುಗುಣಳ ಮನೆ ಸೇರಿದರು.

ಅಲ್ಲಿ ಸುಮ್ಮನೆ ಕೂತಿದ್ದರೆ ಮುಗಿದಿತ್ತು. ಆದರೆ ಗುಂಪಿನಲ್ಲಿ ನೂರ ನಲವತ್ತು ಜನ, "ಚಂದಣ್ಣ, ಹಡಗು ಹೇಗಿತ್ತ್?" ಎಂದು ಎರಡು ದಿನದಿಂದ ಕೇಳುತ್ತಿದ್ದರು. ಶನಿವಾರ ಹತ್ತು ಗಂಟೆಗೆ ಅವನ ದನಿ ಬಂತು. "ಈಗ ನಾನ್ ಹನ್ನೊಂದ್ನೇ ಮಾಳ್ಗಿಯಂಗ್ ನಿಂತ್ಕಂಡಿದ್ದೆ. ಸುತ್ತ ನೀರೇ ನೀರ್. ಹೊಸ ಟಿಪ್ಸ್ ಹೇಳ್ತೆ, ಬರ್ಕಣಿ." ಹಿಂದಿನಿಂದ ಒಂದು ಕೋಳಿ ಗಟ್ಟಿಯಾಗಿ ಕೂಗಿತು.

"ಹಡ್ಗಂಗ್ ಹುಂಜ ಇತ್ತಾ?" ಎಂದು ಪದ್ದಕ್ಕ ಕೇಳಿದಳು.

"ದೊಡ್ಡ್ ಹಡ್ಗ್. ಅಡ್ಗಿಗ್ ಎಲ್ಲ ಜೀವ ಇಪ್ಪದೇ ಬೇಕ್" ಎಂದು ಉತ್ತರ ಬಂತು. ನೂರ ನಲವತ್ತು ಜನ ಬೆರಗಾಗಿ ಹೆಬ್ಬೆರಳು ಎತ್ತಿದರು.

ಮಧ್ಯಾಹ್ನ ಫೋಟೊ ಬಂತು. ಬಿಳಿ ಸೂಟಿನಲ್ಲಿ ಚಂದಣ್ಣ, ಹಿಂದೆ ಸುಣ್ಣ ಹೊಡೆದ ಗೋಡೆ, ಪಕ್ಕದಲ್ಲಿ ಸಮುದ್ರದ ಬದಲಿಗೆ ಕಟ್ಟಿದ ನೀಲಿ ಟಾರ್ಪಾಲು. ಟಾರ್ಪಾಲಿನ ಮೇಲೆ ಗೊಬ್ಬರದ ಕಂಪನಿಯ ಹೆಸರು ಅರ್ಧ ಕಾಣುತ್ತಿತ್ತು. ಅದು ಹಡಗಿನ ಹೆಸರಿರಬೇಕೆಂದು ಗುರುಪ್ರಸಾದ್ ನನಗೆ ವಿವರಿಸಿದ.

ಭಾನುವಾರ ಬೆಳಿಗ್ಗೆ ನಾವು ಹನ್ನೊಂದು ಜನ ಟೆಂಪೊ ಮಾಡಿಕೊಂಡು ಕೆರಾಡಿಗೆ ಹೊರಟೆವು. ಪರವಾನಗಿ ಆಗಿತ್ತು, ಗೈಡ್ ಶೀನಣ್ಣ ಗುಡ್ಡದ ಬುಡದಲ್ಲಿ ಕೋಲು ಹಿಡಿದು ಕಾಯುತ್ತಿದ್ದರು. ಒಬ್ಬೊಬ್ಬರ ಹತ್ತಿರ ಮೂರು ಲೀಟರ್ ನೀರು, ಉಪ್ಪಿನ ಪೊಟ್ಟಣ. ಗುರುಪ್ರಸಾದನ ಬೂಟು ಎಷ್ಟು ಪಳಗಿತ್ತೆಂದರೆ ಕಾಲಿನಲ್ಲಿ ಇರುವುದೇ ಅವನಿಗೆ ಮರೆತುಹೋಗಿತ್ತು. ಎಲ್ಲರಿಗೂ ಹುರುಪು ಬರಲೆಂದು ಅವನು ಚಂದಣ್ಣನ ಹೊಸ ಟಿಪ್ಸನ್ನು ಮೊಬೈಲಿನಲ್ಲಿ ಗಟ್ಟಿಯಾಗಿ ಹಾಕಿದ. ಟಿಪ್ಸು ನಂಬರ್ ಒಂಬತ್ತರ ಪ್ರಕಾರ ಸುಗುಣಳ ಮನೆಯ ಕಡೆಗೆ ನಡೆದೆವು.

ಅದೇ ಹೊತ್ತಿಗೆ ಚಂದಣ್ಣ ಅಂಗಳದಲ್ಲಿ ಸೂಟು ಹಾಕಿ, ಭಾನುವಾರದ ಫೋಟೊಗೆ ಟಾರ್ಪಾಲು ಸರಿ ಮಾಡುತ್ತಿದ್ದನಂತೆ. ಬೇಲಿಯ ಆಚೆಯಿಂದ ತನ್ನದೇ ದನಿ, "ಸುತ್ತ ನೀರೇ ನೀರ್" ಎನ್ನುತ್ತ ಹತ್ತಿರ ಹತ್ತಿರ ಬರತೊಡಗಿತು. ಒಂಬತ್ತನೆಯ ಟಿಪ್ಸು ಅವನಿಗೆ ಆ ಕ್ಷಣಕ್ಕೆ ನೆನಪಾಯಿತು. ಬಾಗಿಯಕ್ಕನ ಕೈ ಹಿಡಿದು ಹಿತ್ತಲಿನಿಂದ ಓಡಿದ. ಅವಳು ಒಲೆಯ ಹತ್ತಿರ, ಊರಿಗೆ ಹೊರಡುವ ದಾರಿಗೆಂದು ಸುಗುಣ ಕಟ್ಟಿಟ್ಟಿದ್ದ ಬುತ್ತಿಯನ್ನು ಹೇಗೋ ಎತ್ತಿಕೊಂಡಳು.

ನಾವು ಹೋದಾಗ ಸುಗುಣ ಅಂಗಳದ ನಡುವೆ ಎರಡೂ ಕೈ ಚಾಚಿ ನಿಂತಿದ್ದಳು. "ಮಜ್ಗಿ ಇತ್ತ್, ಕೊಡ್ತೆ. ಅಲ್ಲೇ ನಿಂತ್ಕಣಿ. ಅಂಗ್ಳಕ್ಕೆ ಈಗಷ್ಟೇ ಸೆಗ್ಣಿ ಹಾಕಿತ್ತ್." ಅಂಗಳ ಒಣಗಿ ಬಿರುಕು ಬಿಟ್ಟಿತ್ತು. ಪದ್ದಕ್ಕ ಟಾರ್ಪಾಲನ್ನು ಬಹಳ ಹೊತ್ತು ನೋಡಿದಳು, ಆದರೆ ಮಜ್ಜಿಗೆ ಚೆನ್ನಾಗಿದ್ದರಿಂದ ಆ ವಿಚಾರ ಮುಂದುವರಿಯಲಿಲ್ಲ.

ಸುಗುಣಳ ಹಿತ್ತಲಿನಿಂದ ಹೊರಡುವ ದಾರಿ ಒಂದೇ, ಅದು ನೆತ್ತಿಕಲ್ಲಿಗೆ ಹೋಗುತ್ತದೆ. ನಾವು ಹತ್ತಬೇಕಾದ ದಾರಿಯೂ ಅದೇ. ಚಂದಣ್ಣ ನಮ್ಮಿಂದ ತಪ್ಪಿಸಿಕೊಳ್ಳಲು ಎ‌ಷ್ಟೆಷ್ಟು ಮೇಲೆ ಹೋದನೋ ನಾವು ಅಷ್ಟಷ್ಟು ಅವನ ಬೆನ್ನಿಗೆ ಬಂದೆವು. ಎರಡೂ ಬದಿ ಮುಳ್ಳಿನ ಪೊದೆ, ನಡುವೆ ಏಣಿಯಷ್ಟು ಕಡಿದಾದ ಕಲ್ಲಿನ ಹಾದಿ. ಅವನ ಹತ್ತಿರ ಪರವಾನಗಿ ಇಲ್ಲ, ಗೈಡ್ ಇಲ್ಲ, ನೀರಿಲ್ಲ, ಉಪ್ಪಿಲ್ಲ, ಕಾಲಲ್ಲಿ ಪಳಗಿಸದ ಹೊಸ ಶೂ. ಹದಿನಾರು ಟಿಪ್ಸುಗಳಲ್ಲಿ ಗುಡ್ಡದ್ದೆಲ್ಲವನ್ನೂ ಅವನು ಅರ್ಧ ಗಂಟೆಯಲ್ಲಿ ಮುರಿದಿದ್ದ.

ಮೊದಲು ಶೀನಣ್ಣನಿಗೆ ಮುಳ್ಳಿನಲ್ಲಿ ಸಿಕ್ಕಿದ ಕೆಂಪು ಬೋ ಕಂಡಿತು. ಕೋಲಿನಿಂದ ತಿರುಗಿಸಿ ನೋಡಿ, "ಇಪ್ಪತ್ ವರ್ಷದಿಂದ ಈ ಕಾಡಂಗ್ ತಿರ್ಗ್ತೆ. ಇಂಥದ್ ಕಂಡದ್ದಿಲ್ಲೆ" ಎಂದರು. ಇನ್ನೂ ಮೇಲೆ ಒಂದು ಶೂ ಸಿಕ್ಕಿತು. ಬಲಗಾಲಿನದು, ಹೊಚ್ಚ ಹೊಸತು. ಯಾರೋ ಕಾಡಿಗೆ ಕಳ್ಳತನದಲ್ಲಿ ನುಗ್ಗಿದ್ದಾರೆಂದು ಶೀನಣ್ಣನಿಗೆ ಗಾಬರಿ. ಇಂಥ ಸಂದರ್ಭದಲ್ಲಿ ಏನು ಮಾಡಬೇಕೆಂದು ಹೇಳಬಲ್ಲವನು ನಮಗೆ ಗೊತ್ತಿದ್ದವರಲ್ಲಿ ಒಬ್ಬನೇ. ಗುರುಪ್ರಸಾದ್ ಅವನಿಗೆ ವಾಟ್ಸಾಪಿನಲ್ಲಿ ಕೇಳಿದ: "ಚಂದಣ್ಣ, ಗುಡ್ಡದ ಮೇಲೆ ಒಂದು ಶೂ ಸಿಕ್ಕಿದೆ. ಎಂತ ಮಾಡ್ಕ್?"

ಉತ್ತರ ಕೊಡದಿದ್ದರೆ ಅವನು ಬಚಾವಾಗುತ್ತಿದ್ದ. ಆದರೆ ಟಿಪ್ಸು ಕೇಳಿದರೆ ಕೊಡದೆ ಇರಲು ಚಂದಣ್ಣನಿಂದ ಸಾಧ್ಯವಿರಲಿಲ್ಲ. ಪಿಸುದನಿಯಲ್ಲಿ, ಏದುಸಿರು ಬಿಡುತ್ತ ಹೇಳಿದ: "ಮುಟ್ಬೇಡಿ. ತಿರ್ಗಿ ಮನಿಗ್ ಹೋಯ್ನಿ."

"ನಿಮ್ಗ್ ಎಂತಕ್ಕೆ ಉಬ್ಬಸ?"

"ಹಡ್ಗಿನ್ ಜಿಮ್ಮಂಗ್ ಇದ್ದೆ."

ನಾವು ತಿರುಗಿ ಹೋಗಲಿಲ್ಲ. ಐದು ನಿಮಿಷಕ್ಕೆ ಇನ್ನೊಂದು ಬಂತು: "ಅರ್ಧ ಗಂಟಿಯಂಗ್ ಜೋರ್ ಮಳಿ ಬತ್ತ್. ಕೆಳ್ಗ್ ಇಳೀನಿ." ತಲೆ ಎತ್ತಿ ನೋಡಿದೆವು. ಡಿಸೆಂಬರಿನ ಆಕಾಶ ತೊಳೆದಿಟ್ಟ ಹಾಗಿತ್ತು. ಹಡಗಿನಲ್ಲಿ ರಾಡಾರ್ ಇರುತ್ತದೆ, ಸುಮ್ಮನೆ ಹೇಳುವುದಿಲ್ಲ ಎಂದು ಗುರುಪ್ರಸಾದ್ ಛತ್ರಿ ಬಿಡಿಸಿದ. ಕೊನೆಗೆ ಬಂದದ್ದು: "ಮೇಲ್ ಬಂಡೆ ಹತ್ರ ಒಂದ್ ಕರ್ಡಿ ಇತ್ತ್. ಬಿಳಿದ್."

ಇದು ಶೀನಣ್ಣನ ಅಭಿಮಾನಕ್ಕೆ ನೇರವಾಗಿ ತಾಗಿತು. "ನನ್ ಗುಡ್ಡಿಯಂಗ್ ಕರ್ಡಿ ಇಪ್ಪುದ್ ಸಮುದ್ರದಂಗ್ ಇಪ್ಪವ್ರಿಗ್ ಹ್ಯಾಂಗ್ ಗೊತ್ತ್? ಅದೂ ಬಿಳಿದ್. ಬನ್ನಿ ಕಾಂಬ" ಎಂದು ಕೋಲೂರಿ ದಾಪುಗಾಲು ಹಾಕಿದರು. ಅವರ ಹಿಂದೆ ಪದ್ದಕ್ಕ ಓಡಿದಳು, ಅವಳ ಹಿಂದೆ ನಾವೆಲ್ಲ. ಅಷ್ಟು ಬೇಗ ನೆತ್ತಿಕಲ್ಲನ್ನು ಅದುವರೆಗೆ ಯಾರೂ ಹತ್ತಿರಲಿಕ್ಕಿಲ್ಲ.

ನೆತ್ತಿಯ ಮೇಲೆ ಮನೆಯಷ್ಟು ದೊಡ್ಡ ಬಂಡೆ. ನಾವು ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತೆವು. ಕರಡಿಯ ವಿಷಯದಲ್ಲಿ ಮುಂದೇನು ಎಂದು ಕೇಳಲು ಗುರುಪ್ರಸಾದ್ ಈ ಸಲ ಚಂದಣ್ಣನಿಗೆ ಫೋನೇ ಮಾಡಿದ. ಬಂಡೆಯ ಹಿಂದೆ ಯಕ್ಷಗಾನದ ಚೆಂಡೆ ಕೇಳತೊಡಗಿತು. ಚಂದಣ್ಣನ ಮೊಬೈಲಿನ ಚೆಂಡೆ ಗಂಗೊಳ್ಳಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಶೀನಣ್ಣನಿಗೆ ಗೊತ್ತಿರಲಿಲ್ಲ. ಅವರು ಕೈಮುಗಿದು, ಕೋಲು ಕೆಳಗಿಟ್ಟು, ದೈವವೇ ಇರಬೇಕೆಂದು ಕಣ್ಣು ಮುಚ್ಚಿದರು.

ನಾವು ಬಂಡೆ ಸುತ್ತಿ ಹೋದೆವು. ಮೊಣಕಾಲಿನಲ್ಲಿ ಹರಿದ, ಕೆಮ್ಮಣ್ಣು ಮೆತ್ತಿದ ಬಿಳಿ ಸೂಟಿನಲ್ಲಿ, ಒಂದು ಕಾಲಿಗೆ ಮಾತ್ರ ಶೂ ಇರುವ ಚಂದಣ್ಣ ಎರಡೂ ಕೈಯಿಂದ ಮೊಬೈಲಿನ ಬಾಯಿ ಮುಚ್ಚಲು ನೋಡುತ್ತಿದ್ದ. ಕಣಕಾಲಿಗೆ ಎರಡು ಉಂಬಳ ಹಿಡಿದಿದ್ದವು.

ಗುರುಪ್ರಸಾದ್ ನಿಜವಾಗಿಯೂ ತಿಳಿಯದೆ ಕೇಳಿದ: "ಚಂದಣ್ಣ, ಹಡ್ಗ್ ಎಲ್ಲಿತ್ತ್?"

ಚಂದಣ್ಣ ಎಲ್ಲವನ್ನೂ ಹೇಳಿದ. ಹರಾಜಿನ ದನಿ ಆವತ್ತು ಎಲ್ಲಿ ಹೋಗಿತ್ತೋ, ಕೇಳಲು ನಾವು ಹತ್ತಿರ ಬಾಗಬೇಕಾಯಿತು. ದಶಮಿಯ ಹತ್ತಿರ ಬಂದಾಗ ನಮ್ಮಲ್ಲಿ ನಾಲ್ಕು ಜನ ನೆಲ ನೋಡಿದರು, ಏಕೆಂದರೆ ಅವರೂ ಅವತ್ತು ತಲೆಯಾಡಿಸಿದ್ದವರೇ. ಕಣ್ಣು ಬಿಟ್ಟ ಶೀನಣ್ಣ ಗೈಡಿನ ಕರ್ತವ್ಯ ನೆನಪಾಗಿ, "ಪರವಾನ್ಗಿ ಇತ್ತಾ?" ಎಂದರು. ಇಲ್ಲವೆಂದ. "ಗೈಡ್ ಇಲ್ದೆ ಬಪ್ಪುಕಾಗ ಅಂದ್ ನಿಮ್ಗ್ ಯಾರೂ ಹೇಳ್ಲಿಲ್ಯಾ?" ಎಂದು ಕೇಳಿ, ನಮ್ಮಿಂದ ಪಡೆದಿದ್ದ ಲ್ಯಾಮಿನೇಶನ್ ಹಾಳೆಯನ್ನು ಜೇಬಿನಿಂದ ತೆಗೆದು ಅವನ ಮುಖದ ಮುಂದೆ ಹಿಡಿದರು. ಚಂದಣ್ಣ ತನ್ನ ಟಿಪ್ಸನ್ನು ತಾನೇ ಗಟ್ಟಿಯಾಗಿ ಓದಬೇಕಾಯಿತು.

ಪದ್ದಕ್ಕನಿಗೆ ಈಗ ಸಿಟ್ಟು ಬಂತು. "ಹ್ವಾಯ್, ಆ ಹೆಂಗ್ಸ್ ಜನ್ಮದಂಗ್ ಒಂದ್ ಕೇಂಡದ್. ಅದೂ ತಪ್ಸಿಯಾಯ್ತ್. ಇಪ್ಪತ್ತೈದ್ ವರ್ಷ ಬುಟ್ಟಿ ಹೊತ್ತವ್ಳಿಗ್ ಈ ಕಾಡ್ ತೋರ್ಸುಕ್ ಮುಂಬೈಗ್ ಕರ್ಕಂಡ್ ಹೋದ್ರ್ಯಾ?"

ಚಂದಣ್ಣ ತಲೆ ಎತ್ತಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿ ನನಗೆ ನಗು ಪೂರ್ತಿ ನಿಂತುಹೋಯಿತು.

"ಪದ್ದು, ಸುಮ್ನಿರ್. ಇಲ್ಲಿ ಬಾ." ಬಂಡೆಯ ಇನ್ನೊಂದು ತುದಿಯಿಂದ ಬಾಗಿಯಕ್ಕನ ದನಿ.

ಅವಳು ಅಲ್ಲಿ ಪಡುವಣಕ್ಕೆ ಮುಖ ಮಾಡಿ, ಕಾಲು ಇಳಿಬಿಟ್ಟು ಕೂತಿದ್ದಳು. ಮಡಿಲಲ್ಲಿ ಸುಗುಣ ಕಟ್ಟಿದ್ದ ಬುತ್ತಿ ಬಿಚ್ಚಿತ್ತು, ಕೈಯಲ್ಲಿ ಅರ್ಧ ತಿಂದ ಕಡುಬು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಅವಳು ನೋಡುತ್ತಿದ್ದ ಕಡೆ ನಾವೂ ನೋಡಿದೆವು. ಕೆಳಗೆ ಕಾಡು, ಕಾಡಿನಾಚೆ ಗದ್ದೆ, ಗದ್ದೆಯಾಚೆ ತೆಂಗಿನ ಸಾಲು, ಅದರಾಚೆ ಉತ್ತರದಿಂದ ದಕ್ಷಿಣದವರೆಗೆ ಒಂದು ಕಡೆಯೂ ತುಂಡಾಗದೆ ಸಮುದ್ರ. ಎಳೆ ಬಿಸಿಲಿಗೆ ಪೂರ ಹೊಳೆಯುತ್ತಿತ್ತು.

"ಅಕಾ ಅಲ್ಲಿ, ಬೆಳ್ಳಿ ಗೆರಿ ಕಾಂತಿತ್ತಲ್ಲ, ಅದ್ ನಮ್ಮ ಹೊಳಿ. ಅದ್ರ್ ಬಾಯಿ ನಮ್ಮ್ ಅಳ್ವಿ" ಎಂದಳು ಬಾಗಿಯಕ್ಕ. "ಇಷ್ಟ್ ಸಣ್ದಾ ಮಾರಾಯ್ತಿ. ಅದ್ರ್ ಬದಿಯಂಗೇ ನಾನ್ ಇಷ್ಟ್ ವರ್ಷ ಓಡ್ದದ್." ಪದ್ದಕ್ಕ ಅವಳ ಪಕ್ಕ ಕೂತು ಕಡುಬಿಗೆ ಕೈ ಹಾಕಿದಳು.

ಚಂದಣ್ಣ ಕುಂಟುತ್ತ ಹೋಗಿ ಹೆಂಡತಿಯ ಹಿಂದೆ ನಿಂತ. ಅವಳು ತಿರುಗದೆಯೇ ಕೇಳಿದಳು: "ಹ್ವಾಯ್, ಈಗ ನೀರ್ ಏರ್ತಿತ್ತಾ, ಇಳೀತಿತ್ತಾ?"

ಅವನು ಬಾಯಿ ತೆರೆದ. ಅವತ್ತು ತ್ರಯೋದಶಿ, ಲೆಕ್ಕ ಅವನ ನಾಲಿಗೆಯ ತುದಿಯಲ್ಲೇ ಇದ್ದಿರಬೇಕು. ನಾವು ಹನ್ನೊಂದು ಜನ ಕಾದೆವು. ಅವನು ಬಾಯಿ ಮುಚ್ಚಿ, ಮತ್ತೆ ತೆರೆದು, "ನಂಗ್ ಗೊತ್ತಿಲ್ಲೆ" ಎಂದ.

ಮೂವತ್ತು ವರ್ಷದಲ್ಲಿ ಆ ಮಾತನ್ನು ಅವನ ಬಾಯಿಂದ ಕೇಳಿದವರು ಊರಲ್ಲಿ ಯಾರೂ ಇಲ್ಲ. ಬಾಗಿಯಕ್ಕ ನಗಲು ಶುರು ಮಾಡಿದಳು. ನಕ್ಕು ನಕ್ಕು ಕಡುಬು ಕೈಯಿಂದ ಜಾರುವಷ್ಟು ನಕ್ಕಳು. ಆಮೇಲೆ ಸರಿದು ಗಂಡನಿಗೆ ಕೂರಲು ಜಾಗ ಕೊಟ್ಟು, ಗುರುಪ್ರಸಾದನ ಉಪ್ಪಿನ ಪೊಟ್ಟಣ ಕೇಳಿ ತೆಗೆದುಕೊಂಡು ಅವನ ಕಾಲಿನ ಉಂಬಳ ಬಿಡಿಸಿದಳು.

ಕೆಳಗಿಳಿದ ಮೇಲೆ ಅರಣ್ಯದವರ ಗೇಟಿನಲ್ಲಿ ಅವನು ತಪ್ಪೊಪ್ಪಿಗೆ ಬರೆದುಕೊಡಬೇಕಾಯಿತು. ಅದನ್ನೂ ನಂಬರು ಹಾಕಿಯೇ ಬರೆದ. ಸೋಮವಾರದ ಹರಾಜಿಗೆ ಜನ ನಗಲೆಂದೇ ಬಂದರು, ಬಂದವರು ಬರಿಗೈಯಲ್ಲಿ ಹೋಗಲು ನಾಚಿಕೆಯಾಗಿ ಮೀನು ಕೊಂಡರು, ಒಂಬತ್ತಕ್ಕೇ ರಾಶಿ ಖಾಲಿಯಾಯಿತು.

ಅನೂಪ ವಿಷಯ ತಿಳಿದು, ಮುಂದಿನ ವರ್ಷಕ್ಕೆ ಮತ್ತೆ ಎರಡು ಟಿಕೇಟು ಮಾಡಿಸಿದ್ದಾನೆ. ಪ್ರಿಂಟು ತೆಗೆದಾಗ ಚಂದಣ್ಣ ಕೈ ಚಾಚಿದ. ಬಾಗಿಯಕ್ಕ ಅದನ್ನು ತಾನೇ ಮಡಚಿ ಕುಪ್ಪಸದೊಳಗಿನ ಪರ್ಸಿನಲ್ಲಿಟ್ಟುಕೊಂಡಳು. ಗುಂಪಿಗೂ ಈಗ 'ಬಾಗಿಯಕ್ಕ ಟೂರ್ ಟಿಪ್ಸ್' ಎಂದು ಹೆಸರಾಗಿದೆ. ಅದರಲ್ಲಿ ಇದುವರೆಗೆ ಒಂದೇ ಒಂದು ಟಿಪ್ಸು ಬಂದಿದೆ, ಮಾರ್ಕೆಟಿನ ಗಲಾಟೆಯ ನಡುವೆ ಅವಳೇ ಹೇಳಿದ್ದು: "ಹಡ್ಗ್ ಹೊರಡು ಹೊತ್ತ್ ಟಿಕೇಟಿನಂಗ್ ಬರ್ದಿರತ್ತ್. ಪಂಚಾಂಗದಂಗಲ್ಲ. ತಪ್ಪಿ ಹೋದ್ರೆ ಹೆದ್ರ್ಬೇಡಿ, ಕೆರಾಡಿಯಂಗ್ ಇಳ್ದ್ ಗುಡ್ಡಿ ಹತ್ತಿನಿ, ಬುತ್ತಿ ಮಾತ್ರ ಮರಿಬೇಡಿ."